ಕುಬ್ಜ ಗೆಲಾಕ್ಸಿಗಳಲ್ಲಿ ನಕ್ಷತ್ರ ಜನನ

ಕಾಶಿಯಾತ್ರೆಗೆ ಹೋಗಿ ಜಂಗಮವಾಡಿಯಲ್ಲಿ ಇಳಿದುಕೊಳ್ಳುವ ಕನ್ನಡಿಗರು ಕಾಲ್ನಡಿಗೆಯಲ್ಲೇ ಮಾನಮಂದಿರ ಘಾಟನ್ನು ತಲುಪಬಹುದು. ಸವಾಯಿ ಜಯಸಿಂಹನು 18ನೆಯ ಶತಮಾನದಲ್ಲಿ ಕಟ್ಟಿಸಿದ ವೇಧಶಾಲೆ ಅಲ್ಲಿದೆ. ಅದರ ಯಂತ್ರಗಳು ಗ್ರಹನಕ್ಷತ್ರಗಳ ಸ್ಥಾನವನ್ನು ಅಳೆಯಬಲ್ಲವು; ನಕ್ಷತ್ರ ಹುಟ್ಟುವ ಬಗೆಯನ್ನು ತಿಳಿಸಲಾರವು.

ಖಗೋಳಜ್ಞರ ಪರಿಭಾಷೆ ವಿಚಿತ್ರವಾದುದು. ಜಲಜನಕ, ಹೀಲಿಯಂಗಳ ಹೊರತು ಮಿಕ್ಕುದೆಲ್ಲವೂ ಅವರಿಗೆ ಲೋಹ. ಪ್ರಾಣವಾಯುವಾದ ಆಮ್ಲಜನಕವೂ ಲೋಹವೇ! ಇವು ಬಹುಪಾಲು ನಕ್ಷತ್ರಗಳ ಒಡಲಲ್ಲಿ ಬೆಂದು, ಅವುಗಳ ಅಂತ್ಯಕಾಲದಲ್ಲಿ ಹೊರಬೀಳುತ್ತವೆ. ಕೆಲವು ಕುಬ್ಜ ಗೆಲಾಕ್ಸಿಗಳಾದರೋ ಈ ಸಂಪತ್ತಿನಲ್ಲಿ ಕಡುಬಡವು. ಲೋಹ ವಿರಳವಾದರೆ ಅನಿಲ ಬೇಗ ತಣಿಯದು. ತಣಿಯದೆ ನಕ್ಷತ್ರವಾಗಿ ಕುಗ್ಗದು. ಆದರೂ ಅಲ್ಲಿ ನಕ್ಷತ್ರಗಳು ಹುಟ್ಟುತ್ತಲೇ ಇವೆ. ಅಲ್ಪ ಬಂಡವಾಳದಲ್ಲಿ ಭರ್ಜರಿ ವಹಿವಾಟು!

ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯ ಮುಂದಾಳತ್ವದಲ್ಲಿ ಸಿದ್ಧವಾಗಿ, ಹೊಸಕೋಟೆಯಲ್ಲಿ ಜೋಡಣೆಗೊಂಡ ನೇರಳಾತೀತ ದೂರದರ್ಶಕವು 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದೊಡನೆ ಗಗನಕ್ಕೇರಿತು. ನೂರು ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆಯ 11 ನೀಲ ಕುಬ್ಜ ಗೆಲಾಕ್ಸಿಗಳ ಹೊರ ಅಂಚಿನಲ್ಲಿ ಎಳೆಯ ನಕ್ಷತ್ರಗಳ ಬೆಳಕನ್ನು ಅದು ಹಿಡಿಯಿತು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಹೊರಗಿನಿಂದ ಬಂದು ಸೇರುವ ಅನಿಲವು ಅಂಚಿನಲ್ಲಿ ನಕ್ಷತ್ರಗುಚ್ಛಗಳಾಗಿ, ಮೆಲ್ಲಮೆಲ್ಲನೆ ನಡುವಿಗೆ ಸರಿಯುತ್ತದೆಂಬುದು ಸಂಶೋಧಕರ ಅಭಿಮತ.

ಆ ತಣ್ಣನೆಯ ಅನಿಲವಾದರೋ ಕಣ್ಣಿಗೆ ಅಗೋಚರ. ಸಮೀಪದ ಕುಬ್ಜಗಳಲ್ಲಿ ಅದು ಹೊಮ್ಮಿಸುವ 21 ಸೆಂಟಿಮೀಟರಿನ ರೇಡಿಯೋ ತರಂಗವನ್ನು ಪುಣೆಯ ಉತ್ತರಕ್ಕೆ ನಾರಾಯಣಗಾಂವ್ ಬಳಿಯ 30 ಬೃಹತ್ ಅಂಟೆನಾಗಳು ಗ್ರಹಿಸುತ್ತವೆ. ದೂರ ಹೆಚ್ಚಿದಂತೆ ಆ ದನಿ ತೀರ ಕ್ಷೀಣವಾಗುತ್ತದೆ.