ಖಾಲಿ ಕಾಟಾದ ಸೊನ್ನೆ

ಹಂಗಾಮು ಶುರುವಾಯಿತೆಂದರೆ ಮುಧೋಳ ಸುತ್ತಿನ ರಸ್ತೆಗಳೆಲ್ಲ ಕಬ್ಬಿನ ಟ್ರ್ಯಾಕ್ಟರುಗಳವು. ತಿಮ್ಮಾಪುರದ ಸಕ್ಕರೆ ಕಾರ್ಖಾನೆಯಿರಲಿ, ಸಮೀರವಾಡಿಯದಿರಲಿ, ಎರಡು ಟ್ರೇಲರ್ ಕಟ್ಟಿಕೊಂಡು ಬಂದ ಗಾಡಿ ಕಬ್ಬು ಇಳಿಸುವ ಮೊದಲು ತೂಕದ ಕಾಟಾ ಹತ್ತಲೇಬೇಕು. ವರ್ಷದ ಬೆಳೆ ರೂಪಾಯಿಯಾಗುವ ಜಾಗ ಅದು. ಗಾಡಿ ಹತ್ತಿಸುವ ಮುನ್ನ ಪರದೆಯ ಮೇಲೆ ಸೊನ್ನೆ ಕಂಡರೆ ರೈತನಿಗೆ ಸಮಾಧಾನ.

ಆದರೆ ಸೊನ್ನೆ ಹೇಳುವುದು ಅರ್ಧ ಸತ್ಯ.

ಕಾಟಾದ ಹಲಗೆಯ ಕೆಳಗೆ ಆರೋ ಎಂಟೋ ಲೋಡ್ ಸೆಲ್‌ಗಳಿರುತ್ತವೆ. ಒಂದೊಂದೂ ಒಂದು ಉಕ್ಕಿನ ತುಂಡು. ಮೈಗೆ ಅಂಟಿಸಿದ, ಕೂದಲಿಗಿಂತ ತೆಳುವಾದ ಲೋಹದ ಹಾಳೆ. ಭಾರ ಬಿದ್ದಾಗ ಉಕ್ಕು ಕಣ್ಣಿಗೆ ಕಾಣದಷ್ಟು ಮಣಿಯುತ್ತದೆ, ಹಾಳೆಯ ವಿದ್ಯುತ್ ರೋಧ ಬದಲಾಗುತ್ತದೆ. 10 ವೋಲ್ಟ್ ಕೊಟ್ಟರೆ, ಪೂರ್ತಿ ಭಾರಕ್ಕೂ ಹೊರಬರುವುದು ಸುಮಾರು 20 ಮಿಲಿವೋಲ್ಟ್. ಎಷ್ಟು ಮಿಲಿವೋಲ್ಟಿಗೆ ಎಷ್ಟು ಕಿಲೋ ಎಂದು ಯಂತ್ರಕ್ಕೆ ಕಲಿಸಿಕೊಡುವುದೇ ಕ್ಯಾಲಿಬ್ರೇಶನ್.

ಖಾಲಿ ಕಾಟಾವೇ ಸೊನ್ನೆಯ ಬದಲು 50 ಕಿಲೋ ತೋರಿಸುತ್ತಿದೆ ಎನ್ನಿ. 28 ಟನ್ನಿನ ತುಂಬಿದ ಗಾಡಿ 28,050 ಆಗುತ್ತದೆ, 8 ಟನ್ನಿನ ಖಾಲಿ ಗಾಡಿ 8,050. ಕಳೆದರೆ ಕಬ್ಬು ಸರಿಯಾಗಿ 20 ಟನ್! ಒಂದೇ ಕಾಟಾದಲ್ಲಿ ತೂಗಿ, ನಡುವೆ ಸೊನ್ನೆ ಜಾರದಿದ್ದರೆ ಈ ತಪ್ಪು ತಾನೇ ಅಳಿಸಿಹೋಗುತ್ತದೆ. ಅಳಿಯದೆ ಉಳಿಯುವುದು ಇನ್ನೊಂದು ತಪ್ಪು. ಸೊನ್ನೆ ಕರಾರುವಾಕ್ಕಾಗಿದ್ದು, ಪ್ರತಿ ಟನ್ನಿಗೆ ಐದು ಕಿಲೋ ಕಡಿಮೆ ಓದುವ ಕಾಟಾ 20 ಟನ್ನಿಗೆ ಒಂದು ಕ್ವಿಂಟಲ್ ನುಂಗುತ್ತದೆ. 2025-26ರ ಹಂಗಾಮಿಗೆ ಕೇಂದ್ರ ನಿಗದಿಪಡಿಸಿದ ಕನಿಷ್ಠ ಕಬ್ಬಿನ ಬೆಲೆಯಾದ ಎಫ್‌ಆರ್‌ಪಿ, ಶೇ. 10.25 ಸಕ್ಕರೆ ಇಳುವರಿಗೆ, ಕ್ವಿಂಟಲಿಗೆ 355 ರೂಪಾಯಿ ಇತ್ತು. ಅಂದರೆ ಒಂದು ಗಾಡಿಗೆ ಅಷ್ಟು ಖೋತಾ. ಖಾಲಿ ಕಾಟಾವನ್ನು ಎಷ್ಟು ದಿಟ್ಟಿಸಿದರೂ ಇದು ಕಾಣದು.

ಕಾಣಬೇಕೆಂದರೆ ಗೊತ್ತಿರುವ ಭಾರ ಹೇರಬೇಕು. 20 ಕಿಲೋದ ಬೀಡುಕಬ್ಬಿಣದ ಕಲ್ಲುಗಳನ್ನು ಮೊದಲು ಒಂದು ಮೂಲೆಯಲ್ಲಿ, ಆಮೇಲೆ ಇನ್ನೊಂದರಲ್ಲಿ ಪೇರಿಸಿ ನೋಡುತ್ತಾರೆ. ಎಲ್ಲ ಮೂಲೆಗಳೂ ಒಂದೇ ಅಂಕಿ ಹೇಳಬೇಕು. ಆದರೆ ಅರವತ್ತು ಟನ್ ತೂಗುವ ಕಾಟಾಕ್ಕೆ ಸಾಲುವಷ್ಟು ಕಲ್ಲು ಯಾರ ಹತ್ತಿರ ಇರುತ್ತದೆ? ಅದಕ್ಕೊಂದು ಜಾಣ ಉಪಾಯವಿದೆ. ಇದ್ದಷ್ಟು ಕಲ್ಲಿಟ್ಟು ಅಂಕಿ ಬರೆದುಕೊಂಡು, ಕಲ್ಲು ಇಳಿಸಿ ಅದೇ ಅಂಕಿ ಬರುವಷ್ಟು ಬೇರೆ ಹೇರು ಇಡುವುದು. ಅದರ ಮೇಲೆ ಮತ್ತೆ ಅವೇ ಕಲ್ಲು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುವುದು.

ಕಲ್ಲು ಸರಿಯಿದೆಯೆಂದು ಹೇಳುವವರು ಯಾರು? ಅದನ್ನು ತೂಗಿದ ಇನ್ನೂ ನಿಖರವಾದ ಕಲ್ಲು. ಈ ಸರಪಳಿ ಕೊನೆಗೆ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯಕ್ಕೆ ಮುಟ್ಟುತ್ತದೆ. ಸರಪಳಿಯ ತುದಿಯಲ್ಲಿರುವ ಕಿಲೋಗ್ರಾಮ್ 2019ರ ಮೇ 20ರಿಂದ ಪ್ಯಾರಿಸ್ ಬಳಿಯ ಲೋಹದ ಸಿಲಿಂಡರನ್ನು ಬಿಟ್ಟು, ಪ್ಲಾಂಕ್ ಸ್ಥಿರಾಂಕವೆಂಬ ಭೌತಶಾಸ್ತ್ರದ ಬದಲಾಗದ ಸಂಖ್ಯೆಯನ್ನು ಆತುಕೊಂಡಿದೆ.

ಕಾಟಾಕ್ಕೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಬೇಕು. ಆದರೆ ಮುದ್ರೆಯ ಮರುವಾರವೇ ಹಲಗೆಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಕೆಸರು, ಕಬ್ಬಿನ ರವದಿ ಒತ್ತಿ ಕೂರಬಹುದು. ಆಗ ಒಂದಷ್ಟು ಭಾರ ಲೋಡ್ ಸೆಲ್ ಮುಟ್ಟದೆ ನೇರ ನೆಲಕ್ಕಿಳಿಯುತ್ತದೆ. ಆ ಕೆಸರು ಕೆದಕಿ ತೆಗೆಯಲು ಕಲ್ಲೂ ಬೇಡ, ಕಂಪ್ಯೂಟರೂ ಬೇಡ. ಒಬ್ಬ ಆಳು, ಒಂದು ಕಬ್ಬಿಣದ ಸಲಾಕೆ ಸಾಕು.