ಅಳಿಸಿದ್ದೋ, ಇನ್ನೂ ಬಂದಿಲ್ಲವೋ?

ಸರ್ವರ್‌ನಲ್ಲಿ ಒಂದು ಪತ್ರ ಇದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಅದು ಇಲ್ಲ. ಈಗ ಲ್ಯಾಪ್‌ಟಾಪು ಏನು ಮಾಡಬೇಕು? ಹೊಸದಾಗಿ ಬಂದ ಪತ್ರವಾದರೆ ಇಳಿಸಿಕೊಳ್ಳಬೇಕು. ನೀವು ರೈಲಿನಲ್ಲಿ ಹೋಗುವಾಗ, ನೆಟ್‌ವರ್ಕ್ ಇಲ್ಲದ ಹೊತ್ತಿನಲ್ಲಿ ಅಳಿಸಿಹಾಕಿದ ಪತ್ರವಾದರೆ ಸರ್ವರ್‌ನಿಂದಲೂ ಅಳಿಸಬೇಕು. ಎರಡೂ ಸಂದರ್ಭದಲ್ಲಿ ಕಾಣುವುದು ಒಂದೇ: ಅಲ್ಲಿದೆ, ಇಲ್ಲಿಲ್ಲ. ಮಾಡಬೇಕಾದ ಕೆಲಸ ಮಾತ್ರ ತದ್ವಿರುದ್ಧ. ಒಂದರ ಬದಲು ಇನ್ನೊಂದು ಮಾಡಿದರೆ ಅಳಿಸಿದ ಪತ್ರ ಮತ್ತೆ ಮತ್ತೆ ಎದ್ದುಬರುತ್ತದೆ, ಇಲ್ಲವೇ ಓದದೆ ಇದ್ದ ಪತ್ರ ಕೈತಪ್ಪಿ ಹೋಗುತ್ತದೆ.

ಇಮೇಲ್ ಸಿಂಕ್ ಮಾಡುವುದರ ಕಷ್ಟವೆಲ್ಲ ಇಲ್ಲೇ ಇದೆ. ಬಂದ ಪತ್ರವನ್ನು ಗುರುತಿಸುವುದು ಸುಲಭ. ಇಲ್ಲದ ಪತ್ರ ಏಕೆ ಇಲ್ಲ ಎಂದು ತಿಳಿಯಲು ಕಂಪ್ಯೂಟರಿನ ಮುಂದೆ ಏನೂ ಉಳಿದಿರುವುದಿಲ್ಲ. ಫೋನಿನಲ್ಲಿ ಓದಿದ ಪತ್ರ ಕಚೇರಿಯ ಕಂಪ್ಯೂಟರಿನಲ್ಲೂ ಓದಿದ್ದೆಂದೇ ತೋರುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಅದರ ಹಿಂದೆ ದಶಕಗಳ ಬುದ್ಧಿವಂತಿಕೆ ಇದೆ ಎಂಬುದು ಹೊಳೆಯುವುದೇ ಇಲ್ಲ.

ಮೊದಮೊದಲು ಈ ಸಮಸ್ಯೆಯೇ ಇರಲಿಲ್ಲ. 1970ರ ದಶಕದಲ್ಲಿ ಮೇಲ್ ಓದುವವರು ಟರ್ಮಿನಲ್ ಮೂಲಕ ದೊಡ್ಡ ಕಂಪ್ಯೂಟರಿಗೆ ಲಾಗಿನ್ ಆಗಿ, ಅಲ್ಲಿದ್ದ ಫೈಲನ್ನು ಅಲ್ಲೇ ಓದುತ್ತಿದ್ದರು. ಪ್ರತಿ ಇದ್ದದ್ದು ಒಂದೇ, ತಾಳೆ ನೋಡುವ ಮಾತೇ ಇಲ್ಲ. ಮೇಜಿನ ಮೇಲೆ ಸ್ವಂತ ಕಂಪ್ಯೂಟರು ಬಂದ ಮೇಲೆ ಪತ್ರವನ್ನು ಅದಕ್ಕೆ ತರಿಸಿಕೊಳ್ಳುವ ದಾರಿ ಬೇಕಾಯಿತು. 1984ರಲ್ಲಿ ಪಾಪ್ ಎಂಬ ಪ್ರೋಟೊಕಾಲ್ ಪ್ರಕಟವಾಯಿತು; ಇಂದಿಗೂ ಬಳಕೆಯಲ್ಲಿರುವ ಅದರ ಮೂರನೆಯ ರೂಪ ಬಂದದ್ದು 1988ರಲ್ಲಿ. ಪಾಪ್‌ನ ಕೆಲಸ ಸರಳ: ಸರ್ವರ್‌ನಲ್ಲಿರುವುದನ್ನು ಇಳಿಸಿಕೊ, ಅಲ್ಲಿಂದ ಅಳಿಸು. ಬೇಕಾದರೆ ಅಲ್ಲೇ ಬಿಡಬಹುದು, ಆದರೆ ಯಾವ ಪತ್ರ ಓದಿದೆ, ಯಾವುದಕ್ಕೆ ಉತ್ತರ ಹೋಗಿದೆ ಎಂಬ ಗುರುತು ಸರ್ವರ್‌ನಲ್ಲಿ ಇರುವುದಿಲ್ಲ. ಒಬ್ಬರಿಗೆ ಒಂದೇ ಕಂಪ್ಯೂಟರಿದ್ದ ಕಾಲಕ್ಕೆ ಅದು ಸಾಕಿತ್ತು.

ಒಬ್ಬರೇ ಎರಡು ಮೂರು ಯಂತ್ರ ಬಳಸುವ ಕಾಲ ಬಂದೇ ಬರುತ್ತದೆ ಎಂದು ಬೇಗ ಕಂಡವರು ಮಾರ್ಕ್ ಕ್ರಿಸ್ಪಿನ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ, 1986ರಲ್ಲಿ, ಅವರು ಐಮ್ಯಾಪ್ ರೂಪಿಸಿದರು. ಇದರಲ್ಲಿ ಮೂಲ ಪತ್ರ ಸದಾ ಸರ್ವರ್‌ನಲ್ಲೇ ಇರುತ್ತದೆ. ಓದಿದ್ದು, ಉತ್ತರಿಸಿದ್ದು, ಮುಖ್ಯವಾದದ್ದು, ಅಳಿಸಬೇಕಾದದ್ದು ಎಂಬ ಗುರುತುಗಳೂ ಅಲ್ಲೇ. ನಿಮ್ಮ ಯಂತ್ರದಲ್ಲಿರುವುದು ಅದರ ನಕಲು. ಕ್ರಿಸ್ಪಿನ್ ಆಮೇಲೆ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಹೋದರು. ಪೈನ್ ಎಂಬ ಮೇಲ್ ಪ್ರೋಗ್ರಾಂ ಹುಟ್ಟಿದ್ದೂ ಅಲ್ಲೇ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಶುರುಮಾಡಿದಾಗ ಶೆಲ್ ಖಾತೆ ಪಡೆದವರಿಗೆ ಪೈನ್‌ನ ಅಕ್ಷರಮಯ ಪರದೆ ನೆನಪಿರಬಹುದು. 2012ರಲ್ಲಿ ತೀರಿಕೊಂಡ ಕ್ರಿಸ್ಪಿನ್ ಹೆಸರು ಇನ್ನಷ್ಟು ಜನರಿಗೆ ಗೊತ್ತಿರಬೇಕಿತ್ತು.

ಮೂಲ ಒಂದು ಕಡೆ, ನಕಲು ಹಲವು ಕಡೆ ಎಂದ ಮೇಲೆ ಈ ಪತ್ರ ಆ ಪತ್ರವೇ ಎಂದು ಹೇಳಲು ಖಚಿತವಾದ ಹೆಸರು ಬೇಕು. ಐಮ್ಯಾಪ್ ಪತ್ರಗಳಿಗೆ ಎರಡು ಬಗೆಯ ಸಂಖ್ಯೆ ಕೊಡುತ್ತದೆ. ಬ್ಯಾಂಕಿನಲ್ಲಿ ಸಾಲಿನಲ್ಲಿ ನೀವು ಏಳನೆಯವರು, ಕೈಯಲ್ಲಿರುವ ಟೋಕನ್ ಸಂಖ್ಯೆ 52 ಎಂದುಕೊಳ್ಳಿ. ಮುಂದಿದ್ದವರೊಬ್ಬರು ಎದ್ದುಹೋದರೆ ನೀವು ಆರನೆಯವರಾಗುತ್ತೀರಿ, ಟೋಕನ್ ಮಾತ್ರ 52 ಆಗಿಯೇ ಇರುತ್ತದೆ. ಸಾಲಿನ ಸಂಖ್ಯೆಯನ್ನು ನಂಬಿ ‘ಏಳನೆಯದನ್ನು ಅಳಿಸು’ ಎಂದು ಹೇಳಿಟ್ಟುಕೊಂಡ ಪ್ರೋಗ್ರಾಂ, ನಡುವೆ ಇನ್ನೊಂದು ಪತ್ರ ಅಳಿಸಿಹೋಗಿದ್ದರೆ, ತಪ್ಪು ಪತ್ರವನ್ನೇ ತೆಗೆದುಬಿಡುತ್ತದೆ. ಅದಕ್ಕೇ ಸಿಂಕ್ ಮಾಡುವಾಗ ಬಳಸುವುದು ಟೋಕನ್ ಥರದ ಸಂಖ್ಯೆಯನ್ನು. ಅದರ ಹೆಸರು ಯುಐಡಿ. ಪ್ರತಿ ಫೋಲ್ಡರಿನಲ್ಲೂ ಅದು ಏರುತ್ತಲೇ ಹೋಗುತ್ತದೆ, ಬಳಸಿದ ಸಂಖ್ಯೆ ಮತ್ತೆ ಬರುವುದಿಲ್ಲ. 32 ಬಿಟ್‌ನ ಸಂಖ್ಯೆಯಾದ್ದರಿಂದ ಒಂದು ಫೋಲ್ಡರಿಗೆ ಸುಮಾರು 429 ಕೋಟಿ ಯುಐಡಿ ಸಿಗುತ್ತವೆ.

ಈ ಏರುವ ಗುಣದಿಂದ ಹೊಸ ಪತ್ರ ಹುಡುಕುವುದು ಬಹಳ ಅಗ್ಗವಾಯಿತು. ‘ನನ್ನ ಬಳಿ 8,120ರವರೆಗೆ ಇದೆ, ಅದರಾಚೆಗಿನದು ಕೊಡು’ ಎಂದರೆ ಮುಗಿಯಿತು. ಸರ್ವರ್ ಬದಲಾಗಿ, ಹಳೆಯ ಸಂಖ್ಯೆಗಳನ್ನು ಉಳಿಸಿಕೊಳ್ಳಲಾಗದೆ ಹೋದರೆ? ಅದಕ್ಕೆಂದೇ ಪ್ರತಿ ಫೋಲ್ಡರಿಗೂ ಇನ್ನೊಂದು ಸಂಖ್ಯೆ ಅಂಟಿಕೊಂಡಿರುತ್ತದೆ. ಅದು ಬದಲಾಗಿದೆ ಎಂದರೆ, ಹಿಂದೆ ಕೊಟ್ಟ ಯುಐಡಿಗಳೆಲ್ಲ ರದ್ದು ಎಂದು ಅರ್ಥ. ಪ್ರೋಗ್ರಾಂ ತನ್ನ ನಕಲನ್ನೆಲ್ಲ ಎಸೆದು ಮೊದಲಿನಿಂದ ಇಳಿಸಿಕೊಳ್ಳಬೇಕು. ಕಚೇರಿಯ ಮೇಲ್ ಹೊಸ ಸರ್ವರ್‌ಗೆ ಹೋದ ಮರುದಿನ ಹಳೆಯ ಪತ್ರಗಳೆಲ್ಲ ಗಂಟೆಗಟ್ಟಲೆ ಮತ್ತೆ ಇಳಿಯುವುದನ್ನು ಕಂಡಿದ್ದರೆ, ಕಾರಣ ಬಹುಶಃ ಇದೇ.

ಇನ್ನು ಆರಂಭದ ಪ್ರಶ್ನೆ. ಸರ್ವರ್‌ನ ಪಟ್ಟಿ, ಲ್ಯಾಪ್‌ಟಾಪಿನ ಪಟ್ಟಿ ಇವೆರಡನ್ನೇ ಎದುರಿಗಿಟ್ಟುಕೊಂಡು ಎಷ್ಟು ಹೊತ್ತು ನೋಡಿದರೂ ಉತ್ತರ ಸಿಗುವುದಿಲ್ಲ. ಮೂರನೆಯ ಪಟ್ಟಿಯೊಂದು ಬೇಕು: ಹಿಂದಿನ ಸಲ ಸಿಂಕ್ ಮುಗಿದಾಗ ಎರಡೂ ಕಡೆ ಏನೇನು ಇತ್ತು ಎಂಬ ದಾಖಲೆ. ಪತ್ರದ ಯುಐಡಿ ಆ ದಾಖಲೆಯಲ್ಲಿ ಇದ್ದರೆ ಪತ್ರ ಒಮ್ಮೆ ಲ್ಯಾಪ್‌ಟಾಪಿಗೆ ಬಂದಿತ್ತು, ಈಗ ಇಲ್ಲ, ಅಂದರೆ ಇಲ್ಲಿ ಅಳಿಸಿದ್ದು. ದಾಖಲೆಯಲ್ಲಿ ಇಲ್ಲದಿದ್ದರೆ ಅದು ಹೊಸದು. ಆಫ್‌ಲೈನ್‌ಐಮ್ಯಾಪ್, ಎಂಬಿಸಿಂಕ್‌ನಂಥ ಪ್ರೋಗ್ರಾಂಗಳು ಇಂಥ ದಾಖಲೆಯನ್ನು ಪ್ರತ್ಯೇಕ ಫೈಲಿನಲ್ಲಿ ಇಟ್ಟುಕೊಂಡಿರುತ್ತವೆ. ಪತ್ರಗಳಿಗಿಂತ ಪುಟ್ಟದಾದ ಈ ಫೈಲು ಕಳೆದುಹೋದರೆ ಪ್ರೋಗ್ರಾಂಗೆ ನೆನಪೇ ಹೋದಂತೆ. ಆಗ ಅದು ಎರಡೂ ಕಡೆಯದನ್ನು ಹೊಸದೆಂದೇ ಎಣಿಸಿ ಉಳಿಸಿಕೊಂಡರೆ ಒಂದೊಂದು ಪತ್ರಕ್ಕೆ ಎರಡೆರಡು ಪ್ರತಿ ಹುಟ್ಟುತ್ತವೆ. ಇದಕ್ಕಿಂತ ಭಯಂಕರವಾದದ್ದು ಇದರ ತಿರುಗುಮುರುಗು: ದಾಖಲೆ ಇದೆ, ಡಿಸ್ಕ್ ಕೆಟ್ಟು ಪತ್ರಗಳ ಫೋಲ್ಡರು ಖಾಲಿಯಾಗಿದೆ. ಎಚ್ಚರವಿಲ್ಲದ ಪ್ರೋಗ್ರಾಂ ನೀವೇ ಎಲ್ಲವನ್ನೂ ಅಳಿಸಿದಿರಿ ಎಂದು ತಿಳಿದು ಸರ್ವರ್ ಅನ್ನೂ ಗುಡಿಸಿಹಾಕಬಲ್ಲದು.

ಲ್ಯಾಪ್‌ಟಾಪಿನಲ್ಲಿದ್ದು ಸರ್ವರ್‌ನಲ್ಲಿ ಇಲ್ಲವಾದ ಪತ್ರಗಳನ್ನು ಪತ್ತೆಮಾಡಲು, ಅಂದರೆ ಫೋನಿನಲ್ಲಿ ಅಳಿಸಿದವನ್ನು ತಿಳಿಯಲು, ಮೊದಲೆಲ್ಲ ಇಡೀ ಪಟ್ಟಿಯನ್ನೇ ತರಿಸಿ ತಾಳೆ ನೋಡಬೇಕಿತ್ತು. 40,000 ಪತ್ರಗಳ ಇನ್‌ಬಾಕ್ಸಿನಲ್ಲಿ ಒಂದೊಂದರ ಯುಐಡಿಗೂ ಗುರುತುಗಳಿಗೂ 30 ಅಕ್ಷರವೆಂದು ಹಿಡಿದರೆ, ಒಂದೇ ಒಂದು ಪತ್ರ ಅಳಿಸಿದ್ದನ್ನು ತಿಳಿಯಲು 12 ಲಕ್ಷ ಅಕ್ಷರ ಇಳಿಯಬೇಕು. 2006 ಮತ್ತು 2008ರಲ್ಲಿ ಬಂದ ಎರಡು ವಿಸ್ತರಣೆಗಳು ಇದನ್ನು ನೀಗಿಸಿದವು. ಏನೇ ಬದಲಾದರೂ, ಒಂದು ಪತ್ರ ಓದಿದ್ದೆಂದು ಗುರುತಾದರೂ, ಸರ್ವರ್ ಒಂದು ಎಣಿಕೆಯನ್ನು ಏರಿಸುತ್ತದೆ. ಪ್ರೋಗ್ರಾಂ ತನಗೆ ಗೊತ್ತಿರುವ ಎಣಿಕೆಯನ್ನು ಹೇಳಿದರೆ, ಅಲ್ಲಿಂದೀಚೆಗೆ ಬದಲಾದವು ಯಾವುವು, ಮಾಯವಾದವು ಯಾವುವು ಎಂಬುದಷ್ಟೇ ಉತ್ತರವಾಗಿ ಬರುತ್ತದೆ. ಇದಕ್ಕಾಗಿ ಸರ್ವರ್ ಪತ್ರವನ್ನು ಅಳಿಸಿದ ಮೇಲೂ ಅದರ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಬೇಕು. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸುಂದರವಾಗಿ ಕಾಣುವ ಸಂಗತಿ ಇದು.

ಇಮೇಲ್‌ಗೆ ಒಂದು ಅನುಕೂಲವೂ ಇದೆ. ಒಮ್ಮೆ ಸರ್ವರ್ ಸೇರಿದ ಪತ್ರದ ಒಡಲು ಬದಲಾಗುವುದೇ ಇಲ್ಲ, ಬದಲಾಗುವುದು ಗುರುತುಗಳು ಮಾತ್ರ. ನೀವು ಫೋನಿನಲ್ಲಿ ಓದಿದ್ದೆಂದು, ಲ್ಯಾಪ್‌ಟಾಪಿನಲ್ಲಿ ಮುಖ್ಯವೆಂದು ಗುರುತಿಸಿದರೆ ಎರಡೂ ಜಗಳವಿಲ್ಲದೆ ಸೇರಿಕೊಳ್ಳುತ್ತವೆ. ಅರ್ಧ ಬರೆದ ಕರಡು ಮಾತ್ರ ಇದಕ್ಕೆ ಬಗ್ಗದು. ಕರಡನ್ನು ತಿದ್ದಿದಾಗಲೆಲ್ಲ ಹೊಸ ಪತ್ರವೊಂದು ಸೇರಿ ಹಳೆಯದು ಅಳಿಯಬೇಕು. ನಡುವೆ ಸಂಪರ್ಕ ಕಡಿದರೆ ಎರಡೂ ಉಳಿಯುತ್ತವೆ. ಪತ್ರವನ್ನು ಬೇರೆ ಫೋಲ್ಡರಿಗೆ ಸಾಗಿಸಿದರೂ ಅಲ್ಲಿ ಅದಕ್ಕೆ ಹೊಸ ಯುಐಡಿ, ಹಾಗಾಗಿ ನಿಮ್ಮ ಇನ್ನೊಂದು ಯಂತ್ರ ಅದನ್ನು ಎರಡನೆಯ ಸಲ ಇಳಿಸಿಕೊಳ್ಳುವುದುಂಟು.

ಕಳಿಸಿದ ಪತ್ರದ ಕಥೆ ಬೇರೆ. ಕಳಿಸುವುದು ಐಮ್ಯಾಪ್‌ನ ಕೆಲಸವಲ್ಲ, ಎಸ್‌ಎಂಟಿಪಿ ಎಂಬ ಬೇರೆ ಪ್ರೋಟೊಕಾಲ್‌ನದು. ಆದ್ದರಿಂದ ಎಷ್ಟೋ ಪ್ರೋಗ್ರಾಂಗಳು ಪತ್ರವನ್ನು ಒಮ್ಮೆ ಕಳಿಸಲು, ಇನ್ನೊಮ್ಮೆ ‘ಸೆಂಟ್’ ಫೋಲ್ಡರಿನಲ್ಲಿ ಇಡಲು, ಎರಡು ಸಲ ಅಪ್‌ಲೋಡ್ ಮಾಡುತ್ತವೆ. 10 ಎಂಬಿಯ ಫೋಟೊ ಮೇಲ್‌ಗೆ ಸೇರುವಾಗ ಸಂಕೇತಬದಲಾವಣೆಯಿಂದ 13 ಎಂಬಿಗೂ ಮೀರುತ್ತದೆ, ಎರಡು ಸಲ ಹೋದರೆ ಸುಮಾರು 27. ನಿಧಾನದ ನೆಟ್‌ವರ್ಕ್ ಇರುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ.

ಫೋಲ್ಡರುಗಳಿಗೆ ಕನ್ನಡದಲ್ಲಿ ಹೆಸರಿಡುವವರು ತಿಳಿಯಬೇಕಾದ ಸಂಗತಿಯೊಂದಿದೆ. ಬಹುಕಾಲ ಐಮ್ಯಾಪ್‌ನಲ್ಲಿ ಫೋಲ್ಡರಿನ ಹೆಸರು ಇಂಗ್ಲಿಷ್ ಕೀಲಿಮಣೆಯ ಅಕ್ಷರಗಳಲ್ಲೇ ಸಾಗಬೇಕಿತ್ತು. ‘ಮನೆ’ ಎಂದು ಹೆಸರಿಟ್ಟರೆ ತಂತಿಯ ಮೇಲೆ ಹೋಗುವುದು ಅರ್ಥವಾಗದ 10 ಚಿಹ್ನೆಗಳ ಸರ. ಪ್ರೋಗ್ರಾಂ ಅದನ್ನು ಮರಳಿ ಕನ್ನಡಕ್ಕೆ ತಿರುಗಿಸಿ ತೋರಿಸುತ್ತದೆ. ಕೆಲವು ಹಳೆಯ ಪ್ರೋಗ್ರಾಂಗಳು ತಿರುಗಿಸದೆ ಹಾಗೇ ತೋರಿಸುತ್ತವೆ. 2021ರ ಹೊಸ ಐಮ್ಯಾಪ್ ಈ ಹೆಸರುಗಳನ್ನು ನೇರವಾಗಿ ಯೂನಿಕೋಡ್‌ನಲ್ಲೇ ಒಪ್ಪಿಕೊಂಡಿದೆ. ಇಷ್ಟಾಗಲು ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾದದ್ದು ಬೇಸರದ ಸಂಗತಿಯೇ.

ಹೊಸ ಪತ್ರ ಬಂದ ಕೂಡಲೇ ಫೋನು ಸದ್ದು ಮಾಡುವುದಕ್ಕೂ ಐಮ್ಯಾಪ್‌ನಲ್ಲಿ 1997ರಿಂದ ದಾರಿಯಿದೆ. ಪ್ರೋಗ್ರಾಂ ಸಂಪರ್ಕ ಕಡಿಯದೆ ಸುಮ್ಮನೆ ಕಾಯುತ್ತದೆ, ಏನಾದರೂ ಬಂದರೆ ಸರ್ವರ್ ತಾನಾಗಿ ಹೇಳುತ್ತದೆ. ಮೂವತ್ತು ನಿಮಿಷ ಮಾತಿಲ್ಲದಿದ್ದರೆ ಸರ್ವರ್ ಸಂಪರ್ಕ ಮುಚ್ಚಿಬಿಡಬಹುದು, ಆದ್ದರಿಂದ 29 ನಿಮಿಷಕ್ಕೊಮ್ಮೆಯಾದರೂ ಮತ್ತೆ ಕೇಳಿಕೊಳ್ಳಬೇಕೆಂದು ನಿಯಮವೇ ಸೂಚಿಸುತ್ತದೆ. 2019ರಲ್ಲಿ ಪ್ರಕಟವಾದ ಜೆಮ್ಯಾಪ್ ಎಂಬ ಹೊಸ ಪ್ರೋಟೊಕಾಲ್ ‘ಕಳೆದ ಸಲದಿಂದ ಏನು ಬದಲಾಗಿದೆ’ ಎಂಬ ಪ್ರಶ್ನೆಯನ್ನೇ ನಡುವೆ ಇಟ್ಟುಕೊಂಡು ಎಲ್ಲವನ್ನೂ ಹೊಸದಾಗಿ ಕಟ್ಟಿದೆ. ಆದರೂ ಹೆಚ್ಚಿನ ಮೇಲ್ ಪ್ರೋಗ್ರಾಂಗಳು ಇಂದಿಗೂ ಆಡುವ ಸಾಮಾನ್ಯ ಭಾಷೆ ಐಮ್ಯಾಪ್.

ಇಷ್ಟು ತಿಳಿದ ಮೇಲೆ ಓದುಗರಲ್ಲಿ ಎರಡು ವಿನಂತಿ. ಸಿಂಕ್ ಇದೆಯೆಂದು ಬ್ಯಾಕಪ್ ಇದೆ ಎಂದುಕೊಳ್ಳಬೇಡಿ. ಸಿಂಕ್ ನಿಮ್ಮ ಅಳಿಸುವಿಕೆಯನ್ನೂ ಅಷ್ಟೇ ನಿಷ್ಠೆಯಿಂದ ಎಲ್ಲ ಯಂತ್ರಗಳಿಗೂ ಮುಟ್ಟಿಸುತ್ತದೆ. ಬೇಕಾದ ಪತ್ರಗಳ ಪ್ರತಿಯೊಂದನ್ನು ಆಗಾಗ ಬೇರೆ ಡಿಸ್ಕಿಗೆ ತೆಗೆದು, ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಇಡಿ. ಮನೆಯ ಹಿರಿಯರ ಹಳೆಯ ಕಂಪ್ಯೂಟರನ್ನು ಮಾರುವ ಅಥವಾ ಫಾರ್ಮ್ಯಾಟ್ ಮಾಡುವ ಮೊದಲು ಅದರ ಮೇಲ್ ಸೆಟ್ಟಿಂಗ್ಸ್ ತೆರೆದು ನೋಡಿ. ಪೋರ್ಟ್ 143 ಅಥವಾ 993 ಎಂದಿದ್ದರೆ ಅದು ಐಮ್ಯಾಪ್, ಪತ್ರಗಳು ಸಾಮಾನ್ಯವಾಗಿ ಸರ್ವರ್‌ನಲ್ಲಿ ಇರುತ್ತವೆ. 110 ಅಥವಾ 995 ಎಂದಿದ್ದರೆ ಅದು ಪಾಪ್, ಅವರ ಎಷ್ಟೋ ವರ್ಷಗಳ ಪತ್ರಗಳು ಆ ಒಂದು ಡಿಸ್ಕಿನಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದಿರಬಹುದು. ಮೊದಲು ಅವನ್ನು ನಕಲು ಮಾಡಿಕೊಳ್ಳಿ.