‘ಫೋನಾಯಿಸು’ ಎಲ್ಲಿಂದ ಬಂತು?

ಕೊಟ್ಟೂರಿನ ತೇರಿನ ದಿನ ಅಂಗಡಿ ಸಾಲಿನಲ್ಲಿ ಕಿವಿಗೊಟ್ಟರೆ ಸಾಕು. ‘ಯಾಕಪ್ಪಾ, ಸುಮ್‌ಸುಮ್ನೆ ದಬಾಯಿಸ್ತೀ?’ ಎಂದು ಗಿರಾಕಿ. ‘ಬಾಕಿ ಕೊಡದೆ ಸತಾಯಿಸಾಕತ್ಯಾನ’ ಎಂದು ಅಂಗಡಿಯವನು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಎಲ್ಲಿಗೆ ಹೋದರೂ ಈ ಮಾತುಗಳಿಗೆ ಬರವಿಲ್ಲ.

ಇವು ದಖ್ಖನಿ ಉರ್ದುವಿನ ಮಕ್ಕಳು. 1800ರಲ್ಲಿ ನಿಜಾಮ ಈ ಊರುಗಳಿರುವ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಡುವ ಮೊದಲೇ ದಂಡು, ಕಚೇರಿ, ಸಂತೆಗಳಲ್ಲಿ ಆ ಭಾಷೆ ಕನ್ನಡದ ಪಕ್ಕದಲ್ಲಿ ಬಾಳಿತ್ತು. ದಬಾನಾ, ಸತಾನಾ, ಚಲಾನಾ, ಉಡಾನಾ ಎಂಬಲ್ಲಿನ ‘ನಾ’ ಕಳಚಿ ದಬಾ, ಸತಾ, ಚಲಾ, ಉಡಾ ಉಳಿದವು. ಅದಕ್ಕೆ ನಮ್ಮ ‘ಇಸು’ ಸೇರಿತು. ಆ ಮತ್ತು ಇ ನಡುವೆ ಯಕಾರ ಬಂತು. ಶಾಲೆಯಲ್ಲಿ ಕಲಿಸುವ ಯಕಾರಾಗಮ ಸಂಧಿಯೇ ಇದು. ಅರ್ಥ ಮಾತ್ರ ಸ್ವಲ್ಪ ಜರುಗಿತು: ದಬಾನಾ ಎಂದರೆ ಅದುಮುವುದು, ದಬಾಯಿಸುವವನು ಕೈಯಿಂದಲ್ಲ, ಬಾಯಿಂದ ಅದುಮುತ್ತಾನೆ.

‘ಇಸು’ ಹೊಸ ಉಪಾಯವೇನಲ್ಲ. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜನ ಕಾಲಕ್ಕೇ ಭಾವಿಸು, ವರ್ಣಿಸು ಎಂದು ಸಂಸ್ಕೃತ ಪದಗಳನ್ನು ಕನ್ನಡದ ಕ್ರಿಯಾಪದ ಮಾಡಿಕೊಳ್ಳುತ್ತಿದ್ದದ್ದು ಇದೇ ಪ್ರತ್ಯಯದಿಂದ. ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದ, 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್ಲರ ತಾಯ್ನುಡಿ ಜರ್ಮನ್ನಿನಲ್ಲೂ ಇಂಥದ್ದೇ ಏರ್ಪಾಡಿದೆ. ಫ್ರೆಂಚಿನಿಂದ ಬಂದ ‘ಈರೆನ್’ ಪ್ರತ್ಯಯ ಹಚ್ಚಿ ಅಲ್ಲಿನವರು ‘ಟೆಲಿಫೋನೀರೆನ್’ ಎನ್ನುತ್ತಾರೆ. ಆದರೆ ಹೀಗೆ ಬಂದ ಕ್ರಿಯಾಪದಗಳ ಭೂತಕೃದಂತಕ್ಕೆ ಜರ್ಮನ್ನಿನ ರೂಢಿಯ ‘ಗೆ’ ಹತ್ತುವುದಿಲ್ಲ. ಹೊರಗಿನವೆಂಬ ಗುರುತು ಉಳಿದೇ ಇದೆ. ಕನ್ನಡದಲ್ಲಿ ಆ ಭೇದವಿಲ್ಲ. ಓದಿಸಿದ, ವರ್ಣಿಸಿದ, ದಬಾಯಿಸಿದ: ಮೂರೂ ಒಂದೇ ಅಚ್ಚು.

ಇನ್ನು ಫೋನಾಯಿಸು. ‘ಫೋನಾನಾ’ ಎಂಬ ಮಾತು ಉರ್ದುವಿನಲ್ಲಿಲ್ಲ. ಹತ್ತಾರು ಪದಗಳ ಕೊನೆಯಲ್ಲಿ ‘ಆಯಿಸು’ ಕೇಳಿ ಕೇಳಿ, ಅದೇ ಒಂದು ಪ್ರತ್ಯಯವೆಂದು ಕನ್ನಡದ ಕಿವಿ ಕತ್ತರಿಸಿಕೊಂಡು ಇಂಗ್ಲಿಷ್ ಪದಕ್ಕೆ ಅಂಟಿಸಿತು. ಮೂರು ಭಾಷೆ ಸೇರಿ ಒಂದು ಕ್ರಿಯಾಪದ! ವಿಭಕ್ತಿಯಲ್ಲಿ ಮಾತ್ರ ಅದು ‘ಫೋನ್ ಮಾಡು’ವಿನ ಜೊತೆಗಿದೆ: ದಬಾಯಿಸುವುದು ಅವನನ್ನು, ಫೋನಾಯಿಸುವುದು ಅವನಿಗೆ. ಮಾಡು ಮಾಡಿಸು ಆಗುವಂತೆ ಇದು ‘ಫೋನಾಯಿಸಿಸು’ ಆಗದು; ಬೇರೆಯವರ ಕೈಲಿ ಕರೆ ಮಾಡಿಸಬೇಕಾದರೆ ಮತ್ತೆ ‘ಫೋನ್ ಮಾಡಿಸು’ ಎಂದೇ ಹೇಳಬೇಕು.

ಅಣ್ಣ ಚಲಾಯಿಸು ಸರ್ಕಾರಿ ಕಡತ ಸೇರಿ ಮತ, ಅಧಿಕಾರಗಳ ಜೊತೆ ಗಂಭೀರನಾದ. ತಮ್ಮ ಫೋನಾಯಿಸುವಿಗೆ ತುಂಟತನ ಬಿಟ್ಟಿಲ್ಲ. ಹರಪನಹಳ್ಳಿಯಲ್ಲಿ ಹುಟ್ಟಿದ ಹಾಸ್ಯಸಾಹಿತಿ ಬೀಚಿಯವರ ಸೀಮೆಗೆ ಒಪ್ಪುವ ಪದವೇ ಸರಿ. ಗೆಳೆಯರಿಗೆ, ಹರಟೆಗೆ, ಸಾಲ ಕೇಳುವುದಕ್ಕೆ ಫೋನಾಯಿಸುತ್ತೇವೆ. ಸಾವಿನ ಸುದ್ದಿ ತಿಳಿಸಲು ಮಾತ್ರ ಯಾರೂ ಫೋನಾಯಿಸುವುದಿಲ್ಲ, ಫೋನ್ ಮಾಡುತ್ತಾರೆ.